ಆಫೀಸ್ ಕಟ್ಟಡದ ಮೇಲಿರುವ ಹೋಟೆಲಿಗೆ ಮನೆಯವರನ್ನು ಕರೆದುಕೊಂಡು ಹೋಗುವುದು ಹೇಗೆ

ಎಂ.ಜಿ. ರಸ್ತೆ ಕಡೆಯ ಒಂದು ಎತ್ತರದ ಆಫೀಸ್ ಕಟ್ಟಡದಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನೆಲಮಹಡಿಯಲ್ಲಿ ಬ್ಯಾಂಕು, ಕಾಫಿ ಅಂಗಡಿ. ನಡುವೆ ಹತ್ತಾರು ಕಂಪನಿ. ತುದಿಯಲ್ಲಿ ಎರಡು ಹೋಟೆಲ್. ಹತ್ತು ವರ್ಷ ಆದರೂ ಅಮ್ಮನನ್ನು ಅಲ್ಲಿಗೆ ಒಮ್ಮೆಯೂ ಕರೆದುಕೊಂಡು ಹೋಗಿರಲಿಲ್ಲ. ತಿಪಟೂರಿನಿಂದ ಬಂದಾಗಲೆಲ್ಲಾ ಕರೆಯುತ್ತಿದ್ದೆ, "ಅದೆಲ್ಲಾ ನಮ್ಮಂಥವರಿಗಲ್ಲ ಕಣೋ, ಸುಮ್ನಿರು" ಅನ್ನುತ್ತಿದ್ದರು.

ಅಮ್ಮ ಒಬ್ಬರೇ ಅಲ್ಲ. ಗೇಟಿನ ಹತ್ತಿರ ಬಂದು, ಸೆಕ್ಯುರಿಟಿಯವರನ್ನೂ ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಆ ಸಣ್ಣ ಗಾಜಿನ ಬಾಗಿಲುಗಳನ್ನೂ ನೋಡಿ, ಹಾಗೇ ತಿರುಗಿ ಹೋಗುವವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ನನಗೆ ಅದು ನಿಜಕ್ಕೂ ಬೇಸರ. ಆ ಹೋಟೆಲುಗಳು ಇರುವುದು ಎಲ್ಲರಿಗೂ. ಕೊರಳಿಗೆ ಕಾರ್ಡ್ ಹಾಕಿಕೊಂಡವರಿಗೆ ಮಾತ್ರ ಅಲ್ಲ. ನಾವೂ ದುಡ್ಡು ಕೊಟ್ಟು ಊಟ ಮಾಡುವವರು, ಹೆದರುವುದು ಯಾಕೆ? ಆದರೆ ಒಂದು ವಿಷಯ ಗೊತ್ತಿರಬೇಕು. ಇದು ಮಾಲ್ ಅಲ್ಲ. ಮಾಲ್ ನಡೆಯುವುದು ಗಿರಾಕಿಗಳ ಟೈಮಿಗೆ, ಈ ಕಟ್ಟಡ ನಡೆಯುವುದು ಆಫೀಸಿನ ಟೈಮಿಗೆ. ಲಿಫ್ಟು, ಪಾರ್ಕಿಂಗು, ಎ.ಸಿ., ಕಡೆಗೆ ಶೌಚಾಲಯದ ಬೀಗವೂ ಆ ಲೆಕ್ಕದಲ್ಲೇ ನಡೆಯುತ್ತದೆ. ಅದನ್ನು ತಿಳಿದುಕೊಂಡು ಹೋದರೆ ಅರ್ಧ ಕಷ್ಟ ಇರುವುದೇ ಇಲ್ಲ.

ಬೆಂಗಳೂರಿಗೆ ಇಂಥ ಕಟ್ಟಡ ಹೊಸದೂ ಅಲ್ಲ. 1973ರಲ್ಲೇ ಎಂ.ಜಿ. ರಸ್ತೆಯಲ್ಲಿ ಯುಟಿಲಿಟಿ ಬಿಲ್ಡಿಂಗ್ ಎದ್ದಿತ್ತು. 25 ಮಹಡಿ, 106 ಮೀಟರ್ ಎತ್ತರ. ಕೆಳಗೆ ಅಂಗಡಿ, ಮೇಲೆ ಆಫೀಸು, ತುದಿಯಲ್ಲಿ ಟಾಪ್‌ಕಾಪಿ ಅಂತ ಒಂದು ಹೋಟೆಲ್. ಹಳೆಯ ಬೆಂಗಳೂರಿನವರನ್ನು ಕೇಳಿ ನೋಡಿ, ಊಟಕ್ಕಿಂತ ಅಲ್ಲಿಂದ ಊರು ಕಾಣುತ್ತಿದ್ದ ರೀತಿಯನ್ನೇ ಜಾಸ್ತಿ ಹೇಳುತ್ತಾರೆ. ಆಮೇಲೆ ಅದೇ ರಸ್ತೆಯ ಬಾರ್ಟನ್ ಸೆಂಟರ್‌ನಲ್ಲಿ, 13ನೇ ಮಹಡಿಯ ಎಬನಿ ಹೆಸರು ಮಾಡಿತು. 2008ರ ಹೊತ್ತಿಗೆ ವಿಠ್ಠಲ್ ಮಲ್ಯ ರಸ್ತೆಯಲ್ಲಿ ಯು.ಬಿ. ಸಿಟಿ ಬಂತು. ಒಂದೇ ಆವರಣದಲ್ಲಿ ಆಫೀಸಿನ ಗೋಪುರ, ದುಬಾರಿ ಅಂಗಡಿಗಳು, ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಬಯಲು ರಂಗಮಂದಿರ, ಅದರ ಸುತ್ತ ಹೋಟೆಲುಗಳು.

ಮೊದಲ ಸಲ ಹೋಗುವವರಿಗೆ ನಾನು ಇವು ಯಾವುದನ್ನೂ ಹೇಳುವುದಿಲ್ಲ. ಚರ್ಚ್ ಸ್ಟ್ರೀಟ್‌ನ ಬ್ರಿಗೇಡ್ ಗಾರ್ಡನ್ಸ್‌ಗೆ ಹೋಗಿ ಅನ್ನುತ್ತೇನೆ. ಅದೂ ಆಫೀಸ್ ಇರುವ ಕಟ್ಟಡವೇ, ಆದರೆ ಅದರ ಕೆಳಗೆ ಇಂಡಿಯಾ ಕಾಫಿ ಹೌಸ್ ಇದೆ, 2009ರಲ್ಲಿ ಎಂ.ಜಿ. ರಸ್ತೆಯ ಹಳೆ ಜಾಗ ಬಿಟ್ಟು ಇಲ್ಲಿಗೆ ಬಂದದ್ದು. ಲಿಫ್ಟ್ ಬೇಡ, ಹೆಸರು ಬರೆಸುವುದೂ ಬೇಡ. ಬಿಳಿ ಬಟ್ಟೆ, ಪೇಟ ಹಾಕಿದವರು ಕಾಫಿ ತಂದಿಡುತ್ತಾರೆ. ಅಲ್ಲಿ ಒಂದು ಕಟ್ಲೆಟ್ ತಿಂದು, ಸುತ್ತ ಕೂತ ಆಫೀಸಿನವರನ್ನು ನೋಡಿದರೆ ಇವರೂ ನಮ್ಮಂತೆಯೇ ಅನ್ನಿಸುತ್ತದೆ. ಮುಂದಿನ ಸಲ ಮೇಲಿನ ಮಹಡಿಗೆ ಹೋಗಬಹುದು.

ಈಗ ದಿನ, ಹೊತ್ತು ನೋಡೋಣ. ಮಿಕ್ಕ ಎಲ್ಲಾ ಇದರ ಮೇಲೆ ನಿಂತಿದೆ. ಕೆಲಸದ ದಿನ ಮಧ್ಯಾಹ್ನ 1ರಿಂದ 2ರವರೆಗೆ ಹೋಗಲೇಬೇಡಿ. ಇಡೀ ಕಟ್ಟಡ ಆ ಒಂದು ಗಂಟೆಯಲ್ಲಿ ಊಟಕ್ಕೆ ಇಳಿಯುತ್ತದೆ, ಏರುತ್ತದೆ. ಲಿಫ್ಟಿಗೆ ಸಾಲು, ಟೇಬಲ್ಲಿಗೆ ಸಾಲು, ಬಡಿಸುವವರಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಒಂದೋ 12.15ಕ್ಕೆ ಹೋಗಿ ಕೂತುಬಿಡಿ, ಇಲ್ಲಾ 2.15ರ ಮೇಲೆ ಹೋಗಿ. ತುಂಬಾ ತಡ ಮಾಡಿದರೆ ಅಡುಗೆಮನೆ ಮುಚ್ಚುತ್ತದೆ, ಎಷ್ಟೋ ಹೋಟೆಲು 3ರ ಆಚೀಚೆ ಮಧ್ಯಾಹ್ನದ ಆರ್ಡರ್ ನಿಲ್ಲಿಸಿ ಸಂಜೆ 7ಕ್ಕೆ ಮತ್ತೆ ತೆಗೆಯುತ್ತವೆ. ಸಂಜೆ 5.30ರಿಂದ 6.30 ಕೂಡ ಬೇಡ, ಆಗ ಎಲ್ಲರೂ ಮನೆಗೆ ಹೊರಡುವ ಹೊತ್ತು.

ಮನೆಯವರ ಜೊತೆ ಹೋಗುವುದಾದರೆ ನನ್ನ ಮಟ್ಟಿಗೆ ಶನಿವಾರ ಮಧ್ಯಾಹ್ನಕ್ಕೆ ಸಮನಾದ ಹೊತ್ತಿಲ್ಲ. ಆಫೀಸುಗಳು ಖಾಲಿ, ಪಾರ್ಕಿಂಗ್ ಖಾಲಿ, ಲಿಫ್ಟು ಕರೆದ ಕೂಡಲೇ ಬರುತ್ತದೆ. ಒಂದು ತೊಂದರೆ ಇದೆ, ರಜೆಯ ದಿನ ಕೆಲವು ಕಟ್ಟಡಗಳಲ್ಲಿ ಎಲ್ಲಾ ಲಿಫ್ಟ್ ಓಡಿಸುವುದಿಲ್ಲ, ಹಾದಿಯಲ್ಲಿ ಎ.ಸಿ. ಇರುವುದಿಲ್ಲ, ಒಂದೇ ಗೇಟು ತೆಗೆದಿರುತ್ತಾರೆ. ಭಾನುವಾರ ಕೆಳಗಿನ ಫುಡ್ ಕೋರ್ಟ್ ಪೂರ್ತಿ ಮುಚ್ಚಿರುವುದೂ ಉಂಟು, ಯಾಕೆಂದರೆ ಅದು ಬದುಕುವುದೇ ಆಫೀಸಿನವರ ಮೇಲೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಂದ್ಯ ಇದ್ದ ಸಂಜೆ ಆ ಕಡೆ ಕಾರು ತರಬೇಡಿ. ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ ಕಡೆ ವಾಹನ ಬಿಡುವುದಿಲ್ಲ, ಅವತ್ತು ವಯಸ್ಸಾದವರನ್ನು ಕರೆತರುವ ಯೋಚನೆಯೇ ಬೇಡ. ಮೇ ತಿಂಗಳ ಸಂಜೆ, ಸೆಪ್ಟೆಂಬರ್–ಅಕ್ಟೋಬರಿನ ಸಂಜೆ ಬಯಲಿನ ಟೇಬಲ್ ಹೇಳಿಟ್ಟರೆ ಮಳೆಗೆ ಒಳಗೂ ಟೇಬಲ್ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ.

ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ. ಆ್ಯಪ್‌ನಲ್ಲಿ ಟೇಬಲ್ ಬುಕ್ ಮಾಡಿದ್ದರೂ ಮಾಡಿ, ಆ್ಯಪ್ ಹೇಳದ ನಾಲ್ಕು ಮಾತು ಫೋನಿನಲ್ಲೇ ಸಿಗುವುದು. ಯಾವ ಗೇಟಿನಿಂದ ಬರಬೇಕು, ಹೋಟೆಲಿಗೆ ಬೇರೆ ಲಿಫ್ಟ್ ಇದೆಯಾ, ಗೇಟಿನಿಂದ ಲಿಫ್ಟಿನವರೆಗೆ ಎಷ್ಟು ಮೆಟ್ಟಿಲು, ಶೌಚಾಲಯ ಹೋಟೆಲಿನ ಒಳಗೇ ಇದೆಯಾ. ಈ ಕೊನೆಯದನ್ನು ಸಂಕೋಚ ಪಡದೆ ಕೇಳಿ. ಆಫೀಸ್ ಕಟ್ಟಡಗಳಲ್ಲಿ ಶೌಚಾಲಯ ಎಷ್ಟೋ ಸಲ ಹೊರಗಿನ ಹಾದಿಯ ತುದಿಯಲ್ಲಿರುತ್ತದೆ, ಅದಕ್ಕೆ ಕಾರ್ಡಿನ ಬೀಗ ಇರುತ್ತದೆ, ಕಾರ್ಡ್ ಹೋಟೆಲಿನ ಕೌಂಟರಿನಲ್ಲಿರುತ್ತದೆ. ಸಕ್ಕರೆ ಕಾಯಿಲೆ ಇರುವ ನಮ್ಮ ಚಿಕ್ಕಪ್ಪ ಒಂದು ಸಲ ಆ ಬಾಗಿಲ ಮುಂದೆ ಐದು ನಿಮಿಷ ನಿಂತುಬಿಟ್ಟಿದ್ದರು, ಯಾರನ್ನು ಕೇಳಬೇಕೋ ಗೊತ್ತಾಗದೆ. ಆ ಮುಖ ನಾನು ಮರೆತಿಲ್ಲ. ಅಂದಿನಿಂದ ಕೂತ ತಕ್ಷಣ ಕಾರ್ಡ್ ಇಸಕೊಂಡು ಟೇಬಲ್ ಮೇಲೆ ಇಟ್ಟುಕೊಳ್ಳುತ್ತೇನೆ.

ಗಾಲಿಕುರ್ಚಿ ಬೇಕಿದ್ದರೆ ಅದನ್ನೂ ಫೋನಿನಲ್ಲೇ ಹೇಳಿ. ಮುಂಬಾಗಿಲಲ್ಲಿ ಗ್ರಾನೈಟ್ ಮೆಟ್ಟಿಲು ಇದ್ದರೂ ಪಕ್ಕದಲ್ಲೋ ಹಿಂದೆಯೋ ರ‍್ಯಾಂಪ್ ಇರುತ್ತದೆ. ಅದರ ಬೀಗದ ಕೈ ಯಾರದ್ದೋ ಜೇಬಿನಲ್ಲಿರುತ್ತದೆ, ಅಷ್ಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕರು ಬಳಸುವ ಕಟ್ಟಡದಲ್ಲಿ ಈ ಅನುಕೂಲ ಇರಬೇಕು, ಹಾಗಾಗಿ ನೀವು ಕೇಳುತ್ತಿರುವುದು ಉಪಕಾರ ಅಲ್ಲ.

ಬರುವುದಕ್ಕೆ ಮೆಟ್ರೋನೇ ಒಳ್ಳೆಯದು. ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆ, ಟ್ರಿನಿಟಿ, ಕಬ್ಬನ್ ಪಾರ್ಕ್, ಈ ಮೂರರಲ್ಲಿ ಯಾವುದು ಹತ್ತಿರ ನೋಡಿ ಇಳಿಯಿರಿ. ಕಾರೇ ತರುವುದಾದರೆ ಮನೆಯವರನ್ನು ಮುಂಬಾಗಿಲಲ್ಲಿ ಇಳಿಸಿ ಆಮೇಲೆ ಬೇಸ್‌ಮೆಂಟಿಗೆ ಹೋಗಿ. ಬೇಸ್‌ಮೆಂಟಿನಲ್ಲಿ ಕಂಬದ ನಂಬರಿನ ಫೋಟೋ ತೆಗೆದುಕೊಳ್ಳಿ, ಮೂರು ಅಂತಸ್ತೂ ಒಂದೇ ಥರ ಕಾಣುತ್ತವೆ. ಪಾರ್ಕಿಂಗ್ ಚೀಟಿಯನ್ನು ಕಾರಿನಲ್ಲಿ ಬಿಡಬೇಡಿ, ಮೇಲೆ ತನ್ನಿ. ಹಲವು ಹೋಟೆಲಿನವರು ಅದರ ಮೇಲೆ ಸೀಲು ಹಾಕಿಕೊಟ್ಟರೆ ದುಡ್ಡು ಕಮ್ಮಿ ಆಗುತ್ತದೆ, ಕೆಲವು ಕಡೆ ಪೂರ್ತಿ ಬಿಡುತ್ತಾರೆ. ಕೆಳಗೆ ನೆಟ್‌ವರ್ಕ್ ಸಿಗದೆ ಯುಪಿಐ ಕೈಕೊಡುತ್ತದೆ, ನೂರರ ಎರಡು ನೋಟು ಜೇಬಿನಲ್ಲಿರಲಿ.

ಗೇಟಿನಲ್ಲಿ ಏನು ಹೇಳಬೇಕು ಅನ್ನುವುದೇ ಎಷ್ಟೋ ಜನರ ಭಯ. ಹೋಟೆಲಿನ ಹೆಸರು, ಮಹಡಿ, ಇಷ್ಟು ಸಾಕು. "ಹದಿಮೂರನೇ ಮಹಡಿ ಹೋಟೆಲಿಗೆ, ಟೇಬಲ್ ಹೇಳಿದ್ದೀವಿ." ಕನ್ನಡದಲ್ಲೇ ಹೇಳಿ. ಸೆಕ್ಯುರಿಟಿಯಲ್ಲಿ ಬೇರೆ ರಾಜ್ಯದ ಹುಡುಗರು ಜಾಸ್ತಿ, ಆದರೆ ಈ ಒಂದು ವಾಕ್ಯ ದಿನಕ್ಕೆ ನೂರು ಸಲ ಕೇಳಿರುತ್ತಾರೆ, ಅರ್ಥ ಆಗುತ್ತದೆ. ಯಾರನ್ನು ನೋಡಬೇಕು, ಯಾವ ಕಂಪನಿ ಅಂತ ಕೇಳಿದರೆ ಅವರು ನಿಮ್ಮನ್ನು ಆಫೀಸಿಗೆ ಬಂದವರು ಅಂದುಕೊಂಡಿದ್ದಾರೆ ಅಂತ ಅರ್ಥ. ಕಂಪನಿ ಅಲ್ಲ, ಊಟಕ್ಕೆ ಅಂತ ಮತ್ತೊಮ್ಮೆ ಹೇಳಿ. ಬ್ಯಾಗ್ ನೋಡುತ್ತಾರೆ. ಹೊರಗಿನ ತಿಂಡಿ ಇದ್ದರೆ ಕೌಂಟರಿನಲ್ಲಿ ಇಟ್ಟು ಹೋಗಿ ಅನ್ನಬಹುದು. ಕಡೆಗೂ ಅಮ್ಮನನ್ನು ಒಪ್ಪಿಸಿ ಕರೆದುಕೊಂಡು ಹೋದ ದಿನ ಅವರ ಚೀಲದಲ್ಲಿ ನನ್ನ ಮಗಳಿಗೆ ತಂದ ಕೋಡುಬಳೆಯ ಡಬ್ಬ ಇತ್ತು. ಆ ಸೆಕ್ಯುರಿಟಿ ಹುಡುಗ ಡಬ್ಬಕ್ಕೆ ಟೋಕನ್ ಕಟ್ಟಿ, ತನ್ನ ಕುರ್ಚಿಯ ಹಿಂದೆ ಜೋಪಾನವಾಗಿ ಇಟ್ಟ. ವಾಪಸ್ ಬಂದಾಗ ಅಮ್ಮ ಅವನಿಗೂ ನಾಲ್ಕು ಕೊಟ್ಟರು.

ಲಿಫ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಳೆ ಕಟ್ಟಡಗಳಲ್ಲಿ ಲಿಫ್ಟ್ ನಮಗೆ ಗೊತ್ತಿರುವಂಥದ್ದೇ, ಒಳಗೆ ಹೋಗಿ ಮಹಡಿಯ ಗುಂಡಿ ಒತ್ತುವುದು. ಹೊಸ ಕಟ್ಟಡಗಳಲ್ಲಿ ಹಾಗಲ್ಲ. ಲಿಫ್ಟಿನ ಹೊರಗೆ ಒಂದು ಸಣ್ಣ ಪರದೆ ಇರುತ್ತದೆ, ಅಲ್ಲೇ ಮಹಡಿಯ ನಂಬರ್ ಒತ್ತಬೇಕು, ಅದು ಎ, ಬಿ, ಸಿ ಅಂತ ಒಂದು ಅಕ್ಷರ ತೋರಿಸುತ್ತದೆ. ಆ ಅಕ್ಷರದ ಲಿಫ್ಟಿನ ಮುಂದೆ ಹೋಗಿ ನಿಲ್ಲಬೇಕು. ಬೇರೆ ಲಿಫ್ಟ್ ಬಂತು ಅಂತ ಹತ್ತಿಬಿಟ್ಟರೆ ಕೆಲಸ ಕೆಟ್ಟಿತು, ಒಳಗೆ ಮಹಡಿಯ ಗುಂಡಿಗಳೇ ಇರುವುದಿಲ್ಲ. ಒಂದೇ ಕಡೆ ಹೋಗುವವರನ್ನು ಒಂದೇ ಲಿಫ್ಟಿಗೆ ಹಾಕಿ ಹೊತ್ತು ಉಳಿಸುವುದಕ್ಕೆ ಹೀಗೆ ಮಾಡಿರುವುದು. ನೀವು ಐದು ಜನ ಇದ್ದರೆ ಐದು ಸಲ ಒತ್ತಿ, ಎಷ್ಟು ಜನ ಅಂತ ಅದಕ್ಕೆ ಗೊತ್ತಾಗುವುದು ಸಾಮಾನ್ಯವಾಗಿ ಹಾಗೆಯೇ. ಇನ್ನೊಂದು, ದೊಡ್ಡ ಕಟ್ಟಡಗಳಲ್ಲಿ ಕೆಳಗಿನ ಮಹಡಿಗಳಿಗೆ ಒಂದು ಗುಂಪು ಲಿಫ್ಟು, ಮೇಲಿನವಕ್ಕೆ ಇನ್ನೊಂದು ಗುಂಪು. ಗೋಡೆಯ ಮೇಲೆ "1–12", "13–24" ಅಂತ ಬರೆದಿರುತ್ತದೆ, ಅದನ್ನು ನೋಡಿಕೊಳ್ಳಿ.

ಅಮ್ಮ ಲಿಫ್ಟಿನಲ್ಲಿ ನನ್ನ ಮುಂಗೈ ಹಿಡಿದುಕೊಂಡಿದ್ದರು. ಗುಂಡಿಯೇ ಇಲ್ಲದ ಪೆಟ್ಟಿಗೆಯಲ್ಲಿ ಬಾಗಿಲು ಮುಚ್ಚಿ ಕಿವಿ ಗುಂಯ್ ಅಂದಾಗ ಬಳೆಗಳು ನನ್ನ ಕೈಗೆ ಒತ್ತಿ ಗುರುತು ಬಿದ್ದಿತ್ತು. "ಎಂಜಲು ನುಂಗಮ್ಮಾ, ಕಿವಿ ಸರಿ ಹೋಗುತ್ತೆ" ಅಂದೆ. ಹಾಗೇ ಮಾಡಿದರು. ಮೇಲೆ ಬಾಗಿಲು ತೆರೆದಾಗ ಎದುರಿನ ಗಾಜಿನಾಚೆ ಬರೀ ಹಸಿರು. ಕಬ್ಬನ್ ಪಾರ್ಕ್ ಅಂತ ಹೇಳಿದೆ. ಅಮ್ಮ ಸುಮಾರು ಹೊತ್ತು ಸುಮ್ಮನೆ ನಿಂತು, "ಇಷ್ಟೊಂದು ಮರ ಇದೆಯೇನೋ ನಿಮ್ಮ ಬೆಂಗಳೂರಲ್ಲಿ" ಅಂದರು. ನಲವತ್ತು ವರ್ಷದಿಂದ ಬಂದು ಹೋಗುತ್ತಿದ್ದವರು, ಊರನ್ನು ಮೇಲಿಂದ ನೋಡಿದ್ದು ಅವತ್ತೇ.

ಅದಕ್ಕೇ ಟೇಬಲ್ ಹೇಳುವಾಗ ಯಾವ ದಿಕ್ಕಿನ ಕಿಟಕಿ ಅಂತ ಕೇಳಿ. ಎಂ.ಜಿ. ರಸ್ತೆಯ ಕಟ್ಟಡಗಳಿಂದ ಪಶ್ಚಿಮಕ್ಕೆ ಕಬ್ಬನ್ ಪಾರ್ಕ್, ಚಿನ್ನಸ್ವಾಮಿ ಕ್ರೀಡಾಂಗಣ. ಉತ್ತರಕ್ಕೆ ಮಾಣೆಕ್‌ಷಾ ಪರೇಡ್ ಮೈದಾನ, ಟ್ರಿನಿಟಿ ಕಡೆ ಹೋದರೆ ಹಲಸೂರು ಕೆರೆ. ಮಧ್ಯಾಹ್ನ 3ರ ಮೇಲೆ ಪಶ್ಚಿಮದ ಗಾಜು ಕಾಯುತ್ತದೆ, ಕಣ್ಣಿಗೂ ಹೊಡೆಯುತ್ತದೆ, ಆ ಹೊತ್ತಿಗೆ ಉತ್ತರದ ಕಡೆಯೇ ವಾಸಿ. ಎತ್ತರಕ್ಕೆ ಹೆದರುವವರು ಜೊತೆಗಿದ್ದರೆ ಕಿಟಕಿಯಿಂದ ಎರಡನೇ ಸಾಲು ಕೇಳಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅವರವರ ನಾಲಿಗೆ. ಆದರೆ ಕೆಲಸದ ದಿನ ಮಧ್ಯಾಹ್ನ ಇಂಥ ಹೋಟೆಲುಗಳಲ್ಲಿ ಒಂದು ಗೊತ್ತಾದ ಬೆಲೆಯ ಊಟ ಇರುತ್ತದೆ, ಬಿಸಿನೆಸ್ ಲಂಚ್ ಅಂತಲೋ ಸೆಟ್ ಲಂಚ್ ಅಂತಲೋ ಕರೆಯುತ್ತಾರೆ. ಅದೇ ಅಡುಗೆಮನೆ, ಅದೇ ಭಟ್ಟರು, ರಾತ್ರಿಯ ಬೆಲೆಗಿಂತ ಎಷ್ಟೋ ಕಮ್ಮಿ. ಮೆನುವಿನ ಮುಖ್ಯ ಪುಟದಲ್ಲಿ ಇಲ್ಲದಿರಬಹುದು, ಕೇಳಿ ತರಿಸಿ. ಕುಡಿಯಲು ಬಾಟಲಿ ನೀರಾ ಅಂತ ಕೇಳಿದರೆ ಮಾಮೂಲಿ ನೀರು ಕೊಡಿ ಅನ್ನಿ, ತಂದುಕೊಡುತ್ತಾರೆ. ಅಮ್ಮನಂಥವರಿಗೆ ಖಾರ, ಎಣ್ಣೆ, ಬೆಳ್ಳುಳ್ಳಿ ಹೇಗಿರಲಿ ಅಂತ ಮೊದಲೇ ಹೇಳಿಬಿಡಿ, ಮೊಸರನ್ನ ಮೆನುವಿನಲ್ಲಿ ಇಲ್ಲದಿದ್ದರೂ ಎಷ್ಟೋ ಕಡೆ ಪ್ರೀತಿಯಿಂದ ಕಲಸಿಕೊಡುತ್ತಾರೆ. ನಮಗೆ ಕಲಸಿಕೊಟ್ಟವರು ಒಡಿಶಾದ ಒಬ್ಬ ಹುಡುಗ, ಮೇಲೆ ಎರಡು ದಾಳಿಂಬೆ ಕಾಳು ಉದುರಿಸಿ ತಂದಿದ್ದ.

ಬಿಲ್ ಬಂದಾಗ ಓದಿ. ಓದುವುದು ಸಣ್ಣತನ ಅಲ್ಲ. ಒಂದು ಸಲ ನಾವು ನಾಲ್ವರು ಉಂಡಿದ್ದು 2400 ರೂಪಾಯಿಗೆ. ಅದರ ಮೇಲೆ 10 ಪರ್ಸೆಂಟ್ ಸರ್ವಿಸ್ ಚಾರ್ಜ್ ಅಂತ 240 ಸೇರಿಸಿದ್ದರು, ಆ ಒಟ್ಟು 2640ರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ, 132. ಒಟ್ಟು 2772. ಸರ್ವಿಸ್ ಚಾರ್ಜ್ ತೆಗೆಸಿದ ಮೇಲೆ 2520 ಆಯಿತು. 252 ರೂಪಾಯಿ ವ್ಯತ್ಯಾಸ. ಜಿಎಸ್‌ಟಿ ಸರ್ಕಾರಕ್ಕೆ ಹೋಗುವ ತೆರಿಗೆ, ಅದನ್ನು ಕೊಡಲೇಬೇಕು. ಸರ್ವಿಸ್ ಚಾರ್ಜ್ ಹಾಗಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಇದನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದು ಅಂತ ಮಾರ್ಗಸೂಚಿ ಹೊರಡಿಸಿತು, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ದನಿ ಏರಿಸಬೇಕಿಲ್ಲ. "ಸರ್ವಿಸ್ ಚಾರ್ಜ್ ತೆಗೆದು ಬಿಲ್ ಕೊಡಿ" ಅಂದರೆ ಸಾಕು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಬಡಿಸಿದವರು ಚೆನ್ನಾಗಿ ನೋಡಿಕೊಂಡಿದ್ದರೆ ಅವರ ಕೈಗೇ ದುಡ್ಡು ಕೊಡಿ, ನಾನು ಹಾಗೇ ಮಾಡುವುದು.

ಇನ್ನು ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕಾದದ್ದು. ಕೂತ ತಕ್ಷಣ, ಮೆನು ತೆಗೆಯುವ ಮೊದಲು, ಮೆಟ್ಟಿಲು ಎಲ್ಲಿದೆ ನೋಡಿ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ಮಧ್ಯಾಹ್ನ, ಮಾಮೂಲಿ ಕೆಲಸದ ದಿನ. ಹೊಗೆ ತುಂಬಿ, ದಾರಿ ಕಾಣದೆ, ಕಿಟಕಿ ಒಡೆದು ಕೆಳಗೆ ಹಾರಿದವರಿದ್ದರು. 2017ರ ಡಿಸೆಂಬರ್‌ನಲ್ಲಿ ಮುಂಬೈನ ಕಮಲಾ ಮಿಲ್ಸ್ ಆವರಣದ ತಾರಸಿ ಹೋಟೆಲಿನಲ್ಲಿ ಬೆಂಕಿಗೆ 14 ಜನ ಹೋದರು, ಅವರಲ್ಲಿ ಹಲವರು ಸಿಕ್ಕಿದ್ದು ಶೌಚಾಲಯದಲ್ಲಿ. ಭಯಕ್ಕೆ ಅಲ್ಲಿ ಹೋಗಿ ಸೇರಿಕೊಂಡಿದ್ದರು.

ಹಾಗಾಗಿ ನಾನು ಎಲ್ಲೇ ಹೋದರೂ ಕೈ ತೊಳೆಯಲು ಎದ್ದಾಗ ಮೆಟ್ಟಿಲ ಕಡೆಯ ಹಸಿರು ಬೋರ್ಡಿನ ಬಾಗಿಲವರೆಗೆ ಹೋಗಿ ಬರುತ್ತೇನೆ. ಬಾಗಿಲು ತಳ್ಳಿ ನೋಡುತ್ತೇನೆ, ತೆರೆಯಬೇಕು. ಮೆಟ್ಟಿಲ ಮೇಲೆ ಮುರಿದ ಕುರ್ಚಿ, ಸೋಡಾ ಕ್ರೇಟು, ಅಕ್ಕಿ ಮೂಟೆ ಪೇರಿಸಿದ್ದರೆ ಮ್ಯಾನೇಜರನ್ನು ಕರೆದು ತೋರಿಸುತ್ತೇನೆ. ಒಮ್ಮೆ ಒಂದು ಕಡೆ ಆ ಬಾಗಿಲಿಗೆ ಬೀಗ ಹಾಕಿದ್ದರು. ನಾನು ಊಟ ಮಾಡದೆ ಎದ್ದು ಬಂದೆ, ಜೊತೆಗಿದ್ದವರಿಗೆ ಮುಜುಗರ ಆದರೂ ಸರಿ. ಹೊಗೆ ಕಂಡರೆ ಲಿಫ್ಟ್ ಮುಟ್ಟಬೇಡಿ, ಶೌಚಾಲಯಕ್ಕೆ ಹೋಗಬೇಡಿ, ಮೆಟ್ಟಿಲು ಹಿಡಿಯಿರಿ. ಇಳಿಯಲಾಗದ ವಯಸ್ಸಾದವರಿದ್ದರೆ ಎತ್ತರದ ಕಟ್ಟಡಗಳಲ್ಲಿ ರೆಫ್ಯೂಜ್ ಏರಿಯಾ ಅಂತ ಬೋರ್ಡ್ ಹಾಕಿದ ಬಯಲಿನ ಜಾಗ ಇರುತ್ತದೆ, ಅಲ್ಲಿಗೆ ಕರೆದೊಯ್ದು 112ಕ್ಕೋ 101ಕ್ಕೋ ಫೋನ್ ಮಾಡಿ, ಎಷ್ಟನೇ ಮಹಡಿ ಅಂತ ಹೇಳಿ. ಅದು ಯಾವ ಮಹಡಿಯಲ್ಲಿದೆ ಅಂತ ಲಿಫ್ಟಿನ ಪಕ್ಕದ ನಕ್ಷೆಯಲ್ಲಿ ಇರುತ್ತದೆ, ಹತ್ತುವ ಮೊದಲು ಒಂದು ಕಣ್ಣು ಹಾಯಿಸಿ.

ಹೋಟೆಲು ತುತ್ತತುದಿಯಲ್ಲಿ ಇಲ್ಲದೆ ನಡುವಿನ ಮಹಡಿಯಲ್ಲಿದ್ದು, ಊಟ ಮುಗಿದು ಸಂಜೆ ಆಗಿಬಿಟ್ಟಿದ್ದರೆ ಇಳಿಯುವ ಲಿಫ್ಟು ತುಂಬಿಕೊಂಡೇ ಬರುತ್ತದೆ. ಅದು ಮೇಲೆ ಹೋಗುವಾಗಲೇ ಹತ್ತಿಕೊಳ್ಳಿ, ತುದಿಗೆ ಹೋಗಿ ಜಾಗ ಇರುವಾಗಲೇ ಇಳಿದು ಬರಬಹುದು. ಗುಂಡಿ ಇಲ್ಲದ ಹೊಸ ಲಿಫ್ಟಿನಲ್ಲಿ ಇದು ನಡೆಯುವುದಿಲ್ಲ, ಅಲ್ಲಿ ಕಾಯಬೇಕು ಅಷ್ಟೆ. ಬೇಸ್‌ಮೆಂಟಿಗೆ ಎಲ್ಲರೂ ಇಳಿಯುವುದು ಬೇಡ, ಕಾರಿನವರು ಒಬ್ಬರು ಹೋಗಿ, ಮಿಕ್ಕವರು ಮುಂಬಾಗಿಲಲ್ಲಿ ನಿಲ್ಲಲಿ. ಮೆಟ್ರೋದಲ್ಲಿ ಬಂದಿದ್ದರೆ ಕೂಡಲೇ ರೈಲು ಹತ್ತಬೇಡಿ. ಎಂ.ಜಿ. ರಸ್ತೆ ನಿಲ್ದಾಣದ ಹತ್ತಿರ ಮೆಟ್ರೋ ಹಳಿಯ ಕೆಳಗೇ ರಂಗೋಲಿ ಕಲಾ ಕೇಂದ್ರ ಇದೆ, ಉದ್ದಕ್ಕೂ ನಡೆಯುವ ಹಾದಿ, ಗಿಡಗಳು. ಅಮ್ಮ ಅಲ್ಲಿ ಕೂತು ಚಪ್ಪಲಿ ಬಿಟ್ಟು ಕಾಲು ಚಾಚಿದರು. ನಾವು ಊಟ ಮಾಡಿದ ಕಟ್ಟಡವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಬೆರಳಲ್ಲಿ ಮಹಡಿ ಎಣಿಸಿ, "ಅದಾ ನಮ್ಮ ಕಿಟಕಿ?" ಅಂತ ಕೇಳಿದರು. ಒಂದು ಮಹಡಿ ತಪ್ಪಿತ್ತು. ಇನ್ನೊಂದು ಮೇಲೆ ಅಂದೆ.